ಇಪ್ಪತ್ತೈದಕ್ಕೂ ನಲವತ್ತಕ್ಕೂ ನಡುವೆ

ನನ್ನ ಅತ್ತಿಗೆ ಹೆಲ್ಯು ನಲವತ್ತೆಂಟು ವರ್ಷ ಗಾಡಿ ಓಡಿಸಿದ್ದಾಳೆ. ಒಂದು ಕೋಳಿಗೂ ಗುದ್ದಿಲ್ಲ. ಅಂಥವಳಿಗೆ ಎಪ್ಪತ್ತನೆಯ ವಯಸ್ಸಿನಲ್ಲಿ, ಮತ್ತೆ ಡ್ರೈವಿಂಗ್ ಪರೀಕ್ಷೆ ಕೊಡು, ಫೇಲಾದರೆ ಲೈಸೆನ್ಸ್ ಒಪ್ಪಿಸು ಎಂದು ಸರಕಾರದ ಕಾಗದ ಬಂತು. ಆ ಕಾಗದವನ್ನು ತಂದುಕೊಟ್ಟವಳೂ ಅವಳೇ. ನಮ್ಮ ದ್ವೀಪದ ಪೂರ್ವ ಭಾಗಕ್ಕೆಲ್ಲ ಟಪಾಲು ಹಂಚುವವಳು ಅವಳೊಬ್ಬಳು. ಕಾಗದವನ್ನು ತನ್ನ ಮನೆಯ ಪೆಟ್ಟಿಗೆಗೆ ತಾನೇ ಹಾಕಿ, ವ್ಯಾನು ಹತ್ತಿ ಮುಂದಿನ ಮನೆಗೆ ಹೋದಳು. ಉಳಿದ ಅರವತ್ತು ಮನೆಗಳ ಸುತ್ತು ಮುಗಿಸಿ ಸಂಜೆ ಬಂದು ತೆಗೆದು ಓದಿದಳು. ಕೆಲಸದ ಹೊತ್ತಿನಲ್ಲಿ ಸ್ವಂತ ಕಾಗದ ಓದಬಾರದು ಎಂಬುದು ಅವಳ ನಿಯಮ. ನಿಯಮ ಎಂದರೆ ಅವಳಿಗೆ ಪ್ರಾಣ, ಅದೇ ಅವಳಿಗೆ ಮುಳುವಾಯಿತು.

ಸಮುದ್ರ ಚೆನ್ನಾಗಿ ಹೆಪ್ಪುಗಟ್ಟಿದ ವರ್ಷ ನಮ್ಮ ಹೀಯುಮಾ ದ್ವೀಪದಿಂದ ಆಚೆ ದಡಕ್ಕೆ ಇಪ್ಪತ್ತಾರು ಕಿಲೋಮೀಟರ್ ಮಂಜುಗಡ್ಡೆಯ ಮೇಲೆಯೇ ರಸ್ತೆ ಬೀಳುತ್ತದೆ. ಎಸ್ಟೋನಿಯಾದ ಉಳಿದ ರಸ್ತೆಗಳ ಕಾನೂನೇ ಬೇರೆ, ಈ ರಸ್ತೆಯ ಕಾನೂನೇ ಬೇರೆ. ಇಲ್ಲಿ ಸೀಟ್ ಬೆಲ್ಟ್ ಹಾಕಬಾರದು. ಗಾಡಿ ಮುಳುಗುವಾಗ ಬಿಚ್ಚುತ್ತ ಕೂರಲು ಪುರಸೊತ್ತಿರುವುದಿಲ್ಲ. ಅದೇ ಕಾರಣಕ್ಕೆ ಬಾಗಿಲು ಭದ್ರ ಮಾಡಬಾರದು. ಮುಂದಿನ ಗಾಡಿಗೂ ನಮಗೂ ಇನ್ನೂರೈವತ್ತು ಮೀಟರ್ ಅಂತರವಿರಬೇಕು. ನಡುವೆ ನಿಲ್ಲಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಒಳಗೆ ಹೋಗಬೇಕು, ಇಲ್ಲವೇ ನಲವತ್ತು ದಾಟಿ ಹೋಗಬೇಕು. ಆ ನಡುವಿನ ವೇಗದಲ್ಲಿ ಹೋದರೆ ಗಾಡಿಯ ಕೆಳಗೆ ನೀರಿನಲ್ಲಿ ಅಲೆ ಎದ್ದು ಮಂಜುಗಡ್ಡೆಯನ್ನು ಒಳಗಿನಿಂದ ಒಡೆಯುತ್ತದೆ. ಊರಿನವರೆಲ್ಲ ಯಾವುದನ್ನು ಹಿತಮಿತದ ವೇಗ ಎನ್ನುತ್ತಾರೋ, ನಮ್ಮಲ್ಲಿ ಅದು ಸಾಯುವ ವೇಗ.

ಹೆಲ್ಯು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ, ಸೋವಿಯತ್ ಕಾಲದಲ್ಲಿ, ಮೀನುಗಾರರ ಸಂಘದ ಲಾರಿಗೆ ಡ್ರೈವರಾದಳು. ಉಪ್ಪುಮೀನಿನ ಪೀಪಾಯಿ ಹೇರಿಕೊಂಡು ಸಮುದ್ರ ದಾಟುವ ಕೆಲಸ. ಒಂದು ದಿನ ಅವಳ ಲಾರಿಯಲ್ಲಿ ಕೂತು ಹೋದ ನನ್ನ ಅಣ್ಣ ಉನೊ, ಜೀವಸಹಿತ ದಡ ಸೇರಿದ ಸಂತೋಷಕ್ಕೆ ಅಲ್ಲೇ ನಿಂತು "ನನ್ನನ್ನು ಮದುವೆಯಾಗುತ್ತೀಯಾ?" ಎಂದು ಅವಳನ್ನು ಕೇಳಿದನಂತೆ. ಮದುವೆಯಾದ ನಾಲ್ಕನೆಯ ವರ್ಷ ಅವಳಿಗೆ ಜ್ವರ ಬಂದು ಉನೊ ಲಾರಿ ತೆಗೆದುಕೊಂಡು ಹೋದ. ಅವಸರವೂ ಬೇಡ, ನಿಧಾನವೂ ಬೇಡ ಎಂದು ಮೂವತ್ತೈದರಲ್ಲಿ ಓಡಿಸಿದ. ಲಾರಿ ಮುಳುಗಿತು. ಬಾಗಿಲು ಸಡಿಲವಿದ್ದುದರಿಂದ ಉನೊ ಹಾರಿ ಬದುಕಿದ; ಹನ್ನೊಂದು ಪೀಪಾಯಿ ಉಪ್ಪುಮೀನು ವಾಪಸು ಸಮುದ್ರ ಸೇರಿತು. ಆಮೇಲೆ ಮೂವತ್ತು ವರ್ಷ ಗಟ್ಟಿಮುಟ್ಟಾಗಿದ್ದ ಮನುಷ್ಯ ನಮ್ಮ ಹಬೆಸ್ನಾನದ ಕೋಣೆಯ ಮೆಟ್ಟಿಲ ಮೇಲೆ ಸೋಪಿಗೆ ಕಾಲಿಟ್ಟು ಜಾರಿ ಸತ್ತ. ಅಲ್ಲಿ ಯಾವ ನಿಯಮದ ಬೋರ್ಡೂ ಇರಲಿಲ್ಲ ಎಂದು ಅತ್ತಿಗೆ ಈಗಲೂ ಗೊಣಗುತ್ತಾಳೆ.

ಇಷ್ಟಾದ ಮೇಲೆ ಆ ನಿಯಮಗಳು ಅವಳ ಮೈಗೆ ಹತ್ತಿಬಿಟ್ಟವು. ನೆಲಕ್ಕೆ ಬಂದರೂ ಬಿಡಲಿಲ್ಲ. ಬೇಸಿಗೆಯಲ್ಲಿ, ಬಿಸಿಲಿಗೆ ಡಾಂಬರು ಮೆತ್ತಗಾದಾಗಲೂ, ಅವಳ ವ್ಯಾನು ಇಪ್ಪತ್ನಾಲ್ಕರಲ್ಲಿ ಹೋಗುತ್ತದೆ, ಇಲ್ಲವೇ ನಲವತ್ತೊಂದರಲ್ಲಿ. ನಡುವೆ ವೇಗದ ಮುಳ್ಳು ನಿಲ್ಲುವುದೇ ಇಲ್ಲ. ದ್ವೀಪದಲ್ಲಿ ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ. ಆಚೆ ದಡದ ಹಾಪ್ಸಾಲು ಪೇಟೆಯವರು ಒಗ್ಗಿಕೊಳ್ಳಲಿಲ್ಲ. ಟಪಾಲು ಮೂಟೆ ಒಪ್ಪಿಸಲು ಹೋದಾಗ ಅಲ್ಲಿಯ ಮುಖ್ಯಬೀದಿಯಲ್ಲಿ ಅವಳು ಮುಂದಿನ ಕಾರಿಗೆ ಇನ್ನೂರೈವತ್ತು ಮೀಟರ್ ಜಾಗ ಬಿಡುತ್ತಿದ್ದಳು. ಅಷ್ಟು ಜಾಗ ಕಂಡರೆ ಪೇಟೆಯವರು ಬಿಡುತ್ತಾರೆಯೇ? ಒಬ್ಬ ನುಗ್ಗುತ್ತಿದ್ದ. ಇವಳು ವೇಗ ಇಳಿಸಿ ಅವನಿಗೂ ಇನ್ನೂರೈವತ್ತು ಮೀಟರ್ ಬಿಡುತ್ತಿದ್ದಳು. ಇನ್ನೊಬ್ಬ ನುಗ್ಗುತ್ತಿದ್ದ. ಒಂದು ಶುಕ್ರವಾರ ಬಂದರಿನಿಂದ ಅಂಚೆ ಕಚೇರಿಗೆ ಹೊರಟವಳು, ಅಂಗಡಿಗಳೆಲ್ಲ ಬಾಗಿಲು ಹಾಕುವ ಹೊತ್ತಿಗೆ, ಹೊರಟಾಗ ಇದ್ದುದಕ್ಕಿಂತ ದೂರದಲ್ಲಿದ್ದಳು.

ಮಾರ್ಗುಸ್ ಎಂಬ ಪೊಲೀಸಿನವನು ಅವಳನ್ನು ಒಂದೇ ವರ್ಷದಲ್ಲಿ ಮೂರು ಸಲ ಹಿಡಿದ. ಬೆಲ್ಟ್ ಇಲ್ಲ, ಬಾಗಿಲು ಅರೆತೆರೆದಿದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ತೆವಳುತ್ತಾಳೆ. ಮೂರನೆಯ ಸಲ ಮೇಲಿನವರಿಗೆ ಬರೆದ. ಹಾಗೆ ಬಂದದ್ದು ಆ ಕಾಗದ. ಲೈಸೆನ್ಸ್ ಹೋದರೆ ಟಪಾಲಿನ ಸುತ್ತು ಆಚೆ ದಡದ ಯಾರೋ ಗುತ್ತಿಗೆದಾರನಿಗೆ ಹೋಗುತ್ತದೆ, ಅವನು ವಾರಕ್ಕೊಮ್ಮೆ ಬರುತ್ತಾನೆ, ಅರವತ್ತು ಮನೆಯಲ್ಲಿ ಬಾಗಿಲು ತಟ್ಟಿ "ಬದುಕಿದ್ದೀರಾ?" ಎಂದು ಯಾರೂ ಕೇಳುವುದಿಲ್ಲ. ಅತ್ತಿಗೆಗೆ ಆ ಸುತ್ತು ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. ನನಗೆ ಭಯವಾಯಿತು. ನನಗೆ ಗಾಡಿ ಓಡಿಸಲು ಬಾರದು; ಅತ್ತಿಗೆ ಇರುವಾಗ ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಆದರೂ ಅವಳಿಗೆ ತರಬೇತಿ ಕೊಡಲು ನಾನೇ ಹೊರಟೆ.

ಪಕ್ಕದಲ್ಲಿ ಮರದ ಸೌಟು ಹಿಡಿದು ಕೂತೆ. ಅವಳ ಕೈ ಬೆಲ್ಟಿನ ಗುಂಡಿಗೆ ಹೋದಾಗಲೆಲ್ಲ ಕೈಮೇಲೆ ಒಂದೇಟು. ಮೂರು ದಿನದಲ್ಲಿ ಬೆಲ್ಟಿನ ಸಂಗತಿ ಸುಮಾರಾಗಿ ಹಿಡಿತಕ್ಕೆ ಬಂತು. ವೇಗದ್ದೇ ಕಷ್ಟ. ಆಲೂಗಡ್ಡೆ ಹೊಲದ ಪಕ್ಕದ ರಸ್ತೆಯಲ್ಲಿ ಮುಳ್ಳು ಮೂವತ್ತಕ್ಕೆ ಬಂದದ್ದೇ ಅವಳ ಹಣೆ ಬೆವರಿತು.

"ಆರ್ವೋ, ಕೆಳಗಡೆ ಅಲೆ ಏಳ್ತಾ ಇದೆ ಕಣೋ."

"ಅತ್ತಿಗೆ, ಕೆಳಗಡೆ ಇರೋದು ಆಲೂಗಡ್ಡೆ."

"ನಿಂಗೇನು ಗೊತ್ತಾಗುತ್ತೆ? ನಿಮ್ಮಣ್ಣಾನೂ ಹಿಂಗೇ ಅಂದಿದ್ದ."

"ಅಣ್ಣ ಮುಳುಗಿದ್ದು ಸಮುದ್ರದಲ್ಲಿ, ಆಲೂಗಡ್ಡೆ ಹೊಲದಲ್ಲಿ ಯಾರೂ ಮುಳುಗಿಲ್ಲ. ಹಿಡ್ಕೊಳ್ಳಿ, ಮೂವತ್ತು, ಮೂವತ್ತು..."

ಅವಳು ಕಣ್ಣು ಮುಚ್ಚಿ ಮೂವತ್ತನ್ನು ಹಿಡಿದಳು. ಕಣ್ಣು ಬಿಟ್ಟರೆ ಇಪ್ಪತ್ನಾಲ್ಕಕ್ಕೆ ಇಳಿಯುತ್ತಿತ್ತು. ಯಾವುದು ಹೆಚ್ಚು ಸುರಕ್ಷಿತ ಎಂದು ನನಗೂ ತಿಳಿಯದೆ ಸೌಟನ್ನು ಕೆಳಗಿಟ್ಟೆ.

ಪರೀಕ್ಷೆ ಫೆಬ್ರವರಿಯ ಒಂದು ಶನಿವಾರ. ಪರೀಕ್ಷಕ ಎರ್ಕಿ, ಮೂವತ್ತೆರಡರ ತೆಳ್ಳನೆಯ ಹುಡುಗ, ರಾಜಧಾನಿಯವನು, ಗಡ್ಡೆ ಒಡೆದು ಮಾಡಿದ ಕಾಲುವೆಯಲ್ಲಿ ಓಡಾಡುವ ಬೆಳಗಿನ ಹಡಗಿಗೆ ದ್ವೀಪಕ್ಕೆ ಬಂದ. ಒಳ್ಳೆಯವನೇ. ಅತ್ತಿಗೆಯನ್ನು "ಅಮ್ಮಾ" ಎಂದೇ ಮಾತಾಡಿಸಿದ. ನಾನು ಹಿಂದಿನ ಸೀಟಿನಲ್ಲಿ ಕೂರಲು ಅನುಮತಿ ಕೇಳಿದೆ. ನನಗೆ ಹಲ್ಲುನೋವು, ಕೆನ್ನೆ ಬನ್ನಿನಷ್ಟು ಊದಿತ್ತು, ಮುಖಕ್ಕೆ ಕೆಂಪು ಮಫ್ಲರ್ ಕಟ್ಟಿಕೊಂಡಿದ್ದೆ. ಪರೀಕ್ಷೆ ಮುಗಿದ ಮೇಲೆ ಆಚೆ ದಡದ ದಂತವೈದ್ಯರಲ್ಲಿಗೆ ಹೋಗಬೇಕಿತ್ತು. ಅವನು ನನ್ನ ಮುಖ ನೋಡಿ ತಡಮಾಡದೆ ಒಪ್ಪಿದ.

ಊರೊಳಗೆ ಅತ್ತಿಗೆ ಚೆನ್ನಾಗಿಯೇ ಓಡಿಸಿದಳು. ಬೆಲ್ಟ್ ಹಾಕಿದ್ದಳು. ನಿಲ್ಲಬೇಕಾದಲ್ಲಿ ನಿಂತಳು. ನಮ್ಮೂರಿನಲ್ಲಿ ಮುಂದೆ ಗಾಡಿಯೇ ಇಲ್ಲದ್ದರಿಂದ ಅಂತರದ ಪ್ರಶ್ನೆಯೂ ಏಳಲಿಲ್ಲ. ನಾನು ಹಲ್ಲುನೋವನ್ನೇ ಮರೆತು ಒಳಗೊಳಗೇ ಕುಣಿಯುತ್ತಿದ್ದೆ. ಆಮೇಲೆ ಎರ್ಕಿ "ಬಲಕ್ಕೆ ತಿರುಗಿ, ಅಮ್ಮಾ" ಎಂದ. ಬಲಕ್ಕೆ ತಿರುಗಿದರೆ ದಡದುದ್ದದ ರಸ್ತೆ, ಪಕ್ಕದಲ್ಲೇ ಸಮುದ್ರ. ಹೆಪ್ಪುಗಟ್ಟಿ ಬೆಳ್ಳಗೆ ಮಲಗಿದ ಸಮುದ್ರ ಕಂಡದ್ದೇ ತಡ, ಅತ್ತಿಗೆಯ ಬಲಗೈ ತಾನಾಗಿ ಬೆಲ್ಟ್ ಬಿಚ್ಚಿತು, ಎಡಗೈ ಬಾಗಿಲು ಸಡಿಲಿಸಿತು, ಮುಳ್ಳು ಇಪ್ಪತ್ನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದ ನೆಮ್ಮದಿ ಬಂತು. ಎರ್ಕಿ ಪಾಪ ನಾಲ್ಕು ಸಲ ಕೆಮ್ಮಿದ. ಅವಳು ಶುಂಠಿ ಪೆಪ್ಪರಮಿಂಟು ಕೊಟ್ಟಳು.

ಫೇಲ್. ಅವನು ಬೇಸರಪಟ್ಟುಕೊಂಡೇ ಬರೆದ. ಅತ್ತಿಗೆ ಲೈಸೆನ್ಸ್ ಕಾರ್ಡನ್ನು ಮುಂಗೈಗೆ ಒರೆಸಿ ಅವನ ಕೈಗಿಟ್ಟಳು. ಅವನು ಅದನ್ನು ಚೀಲದೊಳಗೆ ಹಾಕಿಕೊಂಡ. ಹುಡುಗನ ಕತ್ತು ಹಿಡಿಯಬೇಕು ಎನ್ನಿಸಿತು, ಆದರೆ ಬಾಯಿ ತೆರೆದರೆ ಹಲ್ಲು ಜುಂ ಎನ್ನುತ್ತಿತ್ತು.

ಅಷ್ಟರಲ್ಲಿ ಬಂದರಿನಿಂದ ಸುದ್ದಿ ಬಂತು: ನೀರಿನ ಮಟ್ಟ ಇಳಿದಿದೆ, ಸಂಜೆಯ ಹಡಗು ಇಲ್ಲ, ನಾಳೆಯದೂ ಹೇಳುವ ಹಾಗಿಲ್ಲ. ಮಂಜುಗಡ್ಡೆಯ ರಸ್ತೆ ಮಾತ್ರ ಸೂರ್ಯ ಮುಳುಗುವವರೆಗೆ ತೆರೆದಿರುತ್ತದೆ. ಭಾನುವಾರ ಬೆಳಿಗ್ಗೆ ಎರ್ಕಿಯ ಮಗಳ ನಾಮಕರಣ. ಅವನ ಮುಖ ಸಪ್ಪಗಾಯಿತು.

"ಅಮ್ಮಾ, ನಿಮ್ ವ್ಯಾನಲ್ಲಿ ನನ್ನ ಆಚೆ ದಡಕ್ಕೆ ಬಿಡೋಕಾಗುತ್ತಾ?"

"ಹೆಂಗಾಗುತ್ತೆ ಸಾಹೇಬ್ರೆ? ನಂಗೆ ಲೈಸೆನ್ಸ್ ಇಲ್ಲ."

"ಅದು... ಇವತ್ತೊಂದಿನ..."

"ನಿಯಮ ಅಂದ್ರೆ ನಿಯಮ. ನಂಗೆ ಓಡ್ಸಕ್ಕೆ ಬರಲ್ಲ ಅಂತ ನೀವೇ ಈಗ ತಾನೆ ಬರ್ದಿದ್ದೀರಿ. ಇಂಥವಳ ಪಕ್ಕ ಕೂತ್ಕೊಳ್ಳೋಕೆ ನಿಮಗೆ ಭಯ ಆಗಲ್ವಾ?"

ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದಳು. ಕೊನೆಗೆ ತೀರ್ಮಾನವಾದದ್ದು ಇಷ್ಟು: ವ್ಯಾನನ್ನು ಎರ್ಕಿ ಓಡಿಸುವುದು, ಅತ್ತಿಗೆ ಪಕ್ಕದಲ್ಲಿ ಕೂತು ದಾರಿ ಹೇಳುವುದು, ನಾನು ಹಿಂದೆ ಟಪಾಲು ಮೂಟೆಗಳ ಜೊತೆ. ಸೋಮವಾರದ ಟಪಾಲೂ ದಾಟಿದಂತಾಗುತ್ತದೆ, ನನ್ನ ಹಲ್ಲೂ.

ರಸ್ತೆ ಶುರುವಾಗುವಲ್ಲಿ ಅಡ್ಡಗಂಬ ಕಾಯುವವನು ಕಲ್ಯೋ. ಅವನು ಒಳಗೆ ಇಣುಕಿ ನೋಡಿದ.

"ಏನ್ ಹೆಲ್ಯಕ್ಕ, ಪಕ್ಕದ ಸೀಟಲ್ಲಿ? ಮೈಗೆ ಹುಷಾರಿಲ್ವಾ?"

"ಮೈಗೆ ಹುಷಾರಾಗಿದೀನಿ. ಲೈಸೆನ್ಸಿಗೆ ಹುಷಾರಿಲ್ಲ."

ಕಲ್ಯೋ ಎರ್ಕಿಯ ಕಡೆ ತಿರುಗಿ "ಬೆಲ್ಟ್ ಬಿಚ್ಚಿ" ಎಂದ.

"ನಾನು ಡ್ರೈವಿಂಗ್ ಪರೀಕ್ಷಕ ಕಣ್ರೀ," ಎಂದ ಎರ್ಕಿ. "ನಾನು ಬೆಲ್ಟ್ ಬಿಚ್ಚೋ ಹಾಗಿಲ್ಲ."

"ಪರೀಕ್ಷಕರಾದ್ರೆ ಮುಳುಗಲ್ವಾ? ಬಿಚ್ಚಿ. ಇಲ್ಲಾಂದ್ರೆ ಕಂಬ ಏಳಲ್ಲ."

ಹುಡುಗ ಬೆಲ್ಟ್ ಬಿಚ್ಚಿದ. ಸಂತೆಯ ನಡುವೆ ಪ್ಯಾಂಟು ಬಿಚ್ಚು ಎಂದರೂ ಅವನ ಮುಖ ಅಷ್ಟು ಕೆಂಪಾಗುತ್ತಿರಲಿಲ್ಲ. ಬಿಚ್ಚಿದ ಮೇಲೂ ಒಂದು ಕೈಯಲ್ಲಿ ಬೆಲ್ಟಿನ ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

ಕಂಬ ಎದ್ದಿತು. ಮೊದಲ ಕಿಲೋಮೀಟರು ಇಪ್ಪತ್ತರಲ್ಲಿ ಚೆನ್ನಾಗಿಯೇ ಹೋದ. ಎರಡೂ ಬದಿಗೆ ರಸ್ತೆಯ ಅಂಚು ತೋರಿಸಲು ನೆಟ್ಟ ಮರದ ಕೊಂಬೆಗಳು, ಅವುಗಳ ಆಚೆ ಏನೂ ಇಲ್ಲ. ಸ್ವಲ್ಪ ಧೈರ್ಯ ಬಂದದ್ದೇ ಹುಡುಗನ ಕಾಲು ಅಭ್ಯಾಸದಂತೆ ಮೂವತ್ತೆರಡಕ್ಕೆ ಹೋಯಿತು. ನಮ್ಮ ಕೆಳಗೆ ಎಲ್ಲೋ ದೊಡ್ಡ ಹೊಟ್ಟೆಯೊಂದು ಗುಡುಗಿದ ಸದ್ದು ಬಂತು.

"ಏನದು?"

"ಅಲೆ," ಎಂದಳು ಅತ್ತಿಗೆ. "ಇಳ್ಸು."

"ಮೂವತ್ತೆರಡು ಅಷ್ಟೇ ಇರೋದು ಅಮ್ಮಾ. ಜಾರೋ ರಸ್ತೇಲಿ ಮಧ್ಯಮ ವೇಗಾನೇ..."

ಅತ್ತಿಗೆ ಸೌಟು ಎಲ್ಲಿಂದ ತೆಗೆದಳೋ, ಅವನ ಮೊಣಕಾಲಿನ ಮೇಲೆ ಒಂದೇಟು ಬಿತ್ತು. ಮುಳ್ಳು ಇಪ್ಪತ್ಮೂರಕ್ಕೆ ಇಳಿಯಿತು. ಗುಡುಗು ನಿಂತಿತು. ಎರ್ಕಿ ಬೆಲ್ಟಿನ ಪಟ್ಟಿಯನ್ನು ತಾನಾಗಿ ಬಿಟ್ಟ. ಇನ್ನೂ ಸ್ವಲ್ಪ ದೂರ ಹೋದಮೇಲೆ ತನ್ನ ಕಡೆಯ ಬಾಗಿಲನ್ನೂ ಸಡಿಲಿಸಿದ.

ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಜೀಪು ಬಂತು. ಆಚೆ ದಡದ ಪಡ್ಡೆಗಳು. ಸಮುದ್ರದ ಮೇಲೆ ಗಾಡಿ ಓಡಿಸುವ ಮೋಜಿಗೆ ಶನಿವಾರ ಬರುವ ಜಾತಿ. ಇನ್ನೂರೈವತ್ತು ಮೀಟರ್ ಹಾಗಿರಲಿ, ಹದಿನೈದು ಮೀಟರಿಗೆ ಬಂದು ಅಂಟಿಕೊಂಡರು. ಒಬ್ಬ ಕಿಟಕಿಯಿಂದ ಅರ್ಧ ಹೊರಗೆ ಬಂದು ಫೋನಿನಲ್ಲಿ ನಮ್ಮನ್ನು ಚಿತ್ರ ತೆಗೆಯುತ್ತಿದ್ದ. ಎರಡು ಗಾಡಿಯ ಭಾರ ಒಂದೇ ಕಡೆ ಬಿದ್ದು ಮಂಜುಗಡ್ಡೆ ಮತ್ತೆ ಗುಡುಗಿತು. ಈ ಸಲ ಪಕ್ಕದಲ್ಲೇ ಬಿಳಿಗೆರೆಯೊಂದು ಚಟ್ಟೆಂದು ಓಡಿತು, ಅದರೊಳಗಿಂದ ನೀರು ಉಕ್ಕಿತು.

"ಹಾರ್ನ್ ಹೊಡೀಲಾ?" ಎರ್ಕಿ ಕೇಳಿದ. "ಜೋರಾಗಿ ಹೋಗಿಬಿಡ್ಲಾ?"

"ಏನೂ ಮಾಡ್ಬೇಡ ಮಗಾ. ಜೋರಾಗಿ ಹೋಗ್ಬೇಕಾದ್ರೆ ಆ ನಡುವಿನ ವೇಗ ದಾಟಿ ಹೋಗ್ಬೇಕು, ಅಷ್ಟು ಹೊತ್ತು ಈ ಗಡ್ಡೆ ತಡೆಯಲ್ಲ. ಇಪ್ಪತ್ತರಲ್ಲೇ ಹೋಗ್ತಾ ಇರು. ಬೈಬೇಡ, ಬೈದ್ರೆ ಕಾಲು ಒತ್ತುತ್ತೆ. ಬೈಗಳೆಲ್ಲ ದಡಕ್ಕೆ ಇಟ್ಕೊ." ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಆರ್ವೋ, ಹಿಂದಿನ ಬಾಗಿಲು ತೆಗಿ."

"ತೆಗೆದು ಏನ್ ಮಾಡ್ಲಿ ಅತ್ತಿಗೆ?"

"ಕೂತ್ಕೊ. ಮಫ್ಲರ್ ಬಿಚ್ಚಿ ಅವರನ್ನ ನೋಡು."

ಹಿಂದಿನ ಬಾಗಿಲುಗಳನ್ನು ಎರಡೂ ಕಡೆಗೆ ತೆರೆದೆ. ಟಪಾಲು ಮೂಟೆಯ ಮೇಲೆ ಕೂತೆ. ಮಫ್ಲರ್ ಬಿಚ್ಚಿದೆ. ಚಳಿಗಾಳಿ ಹಲ್ಲಿಗೆ ಹೊಕ್ಕು ನನ್ನ ಮುಖ ಏನಾಯಿತೋ ನನಗೆ ಕಾಣದು. ಬಾಯಿ ಮಾತ್ರ ಒಂದು ಕಡೆಗೆ ಸೊಟ್ಟಗೆ ತೆರೆದುಕೊಂಡಿತು, ಜೊಲ್ಲು ಹೆಪ್ಪುಗಟ್ಟಿತು, ಗಂಟಲಿನಿಂದ ನಾನು ಕೇಳಿಯೇ ಇರದ ಸದ್ದು ಬಂತು. ಕಣ್ಣು ಮಿಟುಕಿಸದೆ ನೋಡಿದೆ. ಫೋನು ಹಿಡಿದವನು ಮೊದಲು ನಕ್ಕ. ಆಮೇಲೆ ನಗು ನಿಂತಿತು. ಆಮೇಲೆ ಒಳಗೆ ಸರಿದು ಕಿಟಕಿ ಏರಿಸಿಕೊಂಡ. ಜೀಪು ನಿಧಾನವಾಯಿತು, ಸಣ್ಣದಾಯಿತು, ಕೊನೆಗೆ ನೊಣದಷ್ಟಾಯಿತು.

"ಎಷ್ಟು ದೂರ?" ಕೇಳಿದಳು ಅತ್ತಿಗೆ.

"ಇನ್ನೂರೈವತ್ತರ ಮೇಲೇ ಇದೆ."

"ಸಾಕು, ಬಾಗಿಲು ಹಾಕು. ಮೂಟೆ ಒದ್ದೆಯಾಗುತ್ತೆ."

ನನ್ನ ಬಗ್ಗೆ ಒಂದು ಮಾತಿಲ್ಲ. ಮೂಟೆಯ ಚಿಂತೆ ಅವಳಿಗೆ.

ಸೂರ್ಯ ಮುಳುಗುವ ಮೊದಲು ಆಚೆ ದಡ ಮುಟ್ಟಿದೆವು. ಬಂದರಿನ ರಸ್ತೆಗೆ ಹತ್ತಿ ಊರ ಕಡೆ ಹೊರಟಿದ್ದೆವು, ಮಾರ್ಗುಸ್ ಕೈ ಅಡ್ಡ ಹಿಡಿದ. ದೂರದಿಂದಲೇ ವ್ಯಾನಿನ ಗುರುತು ಹಿಡಿದು ಪುಸ್ತಕ ತೆಗೆದು ಬರೆಯುತ್ತ ಬಂದ.

"ಬೆಲ್ಟ್ ಇಲ್ಲ. ಬಾಗಿಲು ತೆರೆದಿದೆ. ಐವತ್ತರ ರಸ್ತೇಲಿ ಇಪ್ಪತ್ನಾಲ್ಕು. ನಿಲ್ಲಿ ಅಂತ ಕೈ ಮಾಡಿದ ಮೇಲೂ ನೂರು ಮೀಟರ್ ತೆವಳಿದ್ದು. ಹೆಲ್ಯು ಅಮ್ಮ, ನಿಮಗೆ ಎಷ್ಟು ಸಲ..." ತಲೆ ಎತ್ತಿ ನೋಡಿದವನು ಬಾಯಿ ತೆರೆದೇ ನಿಂತ. "ಸರ್? ನೀವಾ?"

ಮಾರ್ಗುಸನಿಗೆ ಆರು ವರ್ಷದ ಹಿಂದೆ ಲೈಸೆನ್ಸ್ ಕೊಟ್ಟವನೇ ಎರ್ಕಿ. ಎರಡು ಸಲ ಫೇಲ್ ಮಾಡಿ ಕೊಟ್ಟಿದ್ದನಂತೆ. ಎರ್ಕಿ ತನ್ನ ಎದೆ ಮುಟ್ಟಿ ನೋಡಿಕೊಂಡ. ಬೆಲ್ಟ್ ಇರಲಿಲ್ಲ. ಬಾಗಿಲು ನೋಡಿದ. ಅಳುವುದೋ ನಗುವುದೋ ತಿಳಿಯದ ಮುಖ.

"ಮಂಜುಗಡ್ಡೆ ಮೇಲಿಂದ ಬಂದ್ವಿ," ಎಂದ.

"ಸರ್, ಅದನ್ನೇ ಈ ಅಮ್ಮಾನೂ ಮೂರು ಸಲ ಹೇಳಿದ್ದು. ನಾನು ಬರೀಲೇಬೇಕು."

"ಬರಿ, ಬರಿ," ಎಂದಳು ಅತ್ತಿಗೆ. "ನಿಯಮ ಅಂದ್ರೆ ನಿಯಮ."

ಬರೆದ. ಚೀಟಿ ಹರಿದು ಕೊಟ್ಟು ಮಾರ್ಗುಸ್ ಸಲ್ಯೂಟ್ ಹೊಡೆದು ಹೋದ. ಎರ್ಕಿ ಚೀಟಿಯನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡ.

"ಅಮ್ಮಾ," ಎಂದ, "ನಾನು ಓಡ್ಸಿದ್ದು ಇಪ್ಪತ್ತಾರು ಕಿಲೋಮೀಟರ್ ಅಷ್ಟೇ. ಅಷ್ಟಕ್ಕೇ ಹಿಂಗಾಯ್ತು. ನೀವು ನಲವತ್ತೆಂಟು ವರ್ಷ."

ಚೀಲದಿಂದ ಅವಳ ಕಡತ ತೆಗೆದ. ಫೇಲ್ ಎಂದು ಬರೆದದ್ದನ್ನು ಹೊಡೆಯುವ ಹಾಗಿರಲಿಲ್ಲ, ಅದಕ್ಕೆ ಮೊಹರು ಬಿದ್ದಿತ್ತು. ಆದರೆ ಕೆಳಗೆ ಷರತ್ತುಗಳಿಗೆಂದು ಒಂದು ಖಾಲಿ ಜಾಗವಿತ್ತು. ಕನ್ನಡಕ ಹಾಕಿಕೊಂಡೇ ಓಡಿಸತಕ್ಕದ್ದು ಎಂಬಂಥದ್ದನ್ನು ಬರೆಯುವ ಜಾಗ. ಅಲ್ಲಿ ಅವನು ಬರೆದ: "ಹೆಪ್ಪುಗಟ್ಟಿದ ಸಮುದ್ರದ ಮೇಲೆ ಮಾತ್ರ ಓಡಿಸಬಹುದು." ಎರಡು ವಾರದ ಮೇಲೆ ಹೊಸ ಕಾರ್ಡ್ ಬಂತು. ಹತ್ತು ವರ್ಷಕ್ಕೆ ಊರ್ಜಿತ. ಕಚೇರಿಯಲ್ಲಿ ಯಾರೂ ಓದಲಿಲ್ಲವೋ, ಓದಿ ನಕ್ಕು ಮೊಹರು ಒತ್ತಿದರೋ, ದೇವರೇ ಬಲ್ಲ.

ಅತ್ತಿಗೆ ಹಿಗ್ಗಿ ಹೀರೇಕಾಯಿಯಾದಳು. "ನೆಲದ ಮೇಲೆ ಯಾರು ಬೇಕಾದ್ರೂ ಓಡಿಸ್ತಾರೆ, ಅದೇನು ದೊಡ್ಡ ವಿದ್ಯೆ," ಎಂದು ನನ್ನನ್ನು ನೆಲಕ್ಕೆ ಹಚ್ಚಿದಳು. ಅರವತ್ತಾರರ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತು, ಮೂರನೆಯ ಸಲಕ್ಕೆ ಎರ್ಕಿಯ ಕೈಯಲ್ಲಿ ಪಾಸಾದೆ. ಟಪಾಲಿನ ಸುತ್ತು ಉಳಿಯಿತು. ನಾನು ಓಡಿಸುತ್ತೇನೆ, ಅವಳು ಪಕ್ಕದಲ್ಲಿ ಕೂತು ಬೈಯುತ್ತಾಳೆ, ಇಳಿದು ಬಾಗಿಲು ತಟ್ಟುತ್ತಾಳೆ. ಮಂಜುಗಡ್ಡೆ ಕಟ್ಟಿದಾಗ ಕಲ್ಯೋನ ಕಂಬದ ಹತ್ತಿರ ಸೀಟು ಬದಲಾಯಿಸುವುದು ಎಂದು ಮಾತಾಗಿತ್ತು.

ಆದರೆ ಆಮೇಲೆ ಸಮುದ್ರ ಹೆಪ್ಪುಗಟ್ಟಲಿಲ್ಲ. ಮರುವರ್ಷ ಇಲ್ಲ, ಅದರ ಮರುವರ್ಷವೂ ಇಲ್ಲ. ಅಂಚಿನಲ್ಲಿ ಒಂದಿಷ್ಟು ಕೆನೆ ಕಟ್ಟುತ್ತದೆ, ಗಾಳಿ ಬಂದು ಒಡೆದು ಹಾಕುತ್ತದೆ. ಇದು ನಾಲ್ಕನೆಯ ಚಳಿಗಾಲ. ಜನವರಿಯುದ್ದಕ್ಕೂ ದಿನಾ ಬೆಳಿಗ್ಗೆ ಅವಳು ದಡದಲ್ಲಿ ವ್ಯಾನು ನಿಲ್ಲಿಸಲು ನನಗೆ ಹೇಳಿ ಕಲ್ಯೋನ ಗೂಡಿಗೆ ಹೋಗುತ್ತಾಳೆ. ಕಲ್ಯೋನಿಗೂ ಕೆಲಸವಿಲ್ಲ, ಅಭ್ಯಾಸಕ್ಕೆಂದು ಬಂದು ಕೂತಿರುತ್ತಾನೆ.

ಮೊನ್ನೆ ಕಿಟಕಿಯೊಳಗೆ ಕಾರ್ಡ್ ಚಾಚಿ ಹೇಳಿದಳು: "ಲೈಸೆನ್ಸ್ ಇದೆ ಕಣೋ ಕಲ್ಯೋ."

"ಇದೆ ಅಕ್ಕ," ಎಂದ ಅವನು. "ರಸ್ತೆ ಇಲ್ವಲ್ಲ."

ಅವಳು ಕಾರ್ಡನ್ನು ಒಳಜೇಬಿಗೆ ಹಾಕಿಕೊಂಡು ನೀರನ್ನು ನೋಡುತ್ತ ನಿಂತಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಏನಾದರೂ ಗೇಲಿ ಮಾಡಿ ನಗಿಸಬೇಕೆಂದು ಬಾಯಿ ತೆರೆದಿದ್ದೆ.

"ಆರ್ವೋ," ಎಂದಳು, ನನ್ನ ಕಡೆ ನೋಡದೆ. "ಆ ಹುಡುಗನಿಗೆ ಫೋನ್ ಮಾಡು. ನೆಲದ ಪರೀಕ್ಷೆ ಇನ್ನೊಂದ್ಸಲ ಕೊಡ್ತೀನಿ ಅಂತ ಹೇಳು."

ಗೇಲಿಯ ಮಾತು ಬಿಟ್ಟು ಫೋನ್ ತೆಗೆದೆ. ಅಳು ಒತ್ತರಿಸಿ ಬಂತು, ಗಾಳಿಗೆ ಎಂದುಕೊಳ್ಳಲಿ ಎಂದು ಮುಖ ತಿರುಗಿಸಿದೆ. ಮಾರ್ಚ್ ಹನ್ನೆರಡಕ್ಕೆ ಪರೀಕ್ಷೆಯ ತಾರೀಕು ಕೊಟ್ಟಿದ್ದಾರೆ.